ನಜರ್‌ಬಾದಿನ ಮನೆಯಲ್ಲಿ ನೀಲಮ್ಮ

ಸರ್ವಮಂಗಳಾ ತಮ್ಮ ಮನೆತನದ ಚರಿತ್ರೆ ಬರೆಯುತ್ತಿದ್ದಳು. ತಂದೆ ಚನ್ನಬಸವಯ್ಯನವರು ಹುಟ್ಟಿದ ಮನೆಯನ್ನು ಕಣ್ಣಾರೆ ಕಾಣದೆ ಬರೆಯಲು ಮನಸ್ಸಾಗದೆ, ೧೯೫೪ರ ಒಂದು ಭಾನುವಾರ ಅವರನ್ನು ಒತ್ತಾಯಿಸಿ ನಜರ್‌ಬಾದಿಗೆ ಕರೆತಂದಳು. ಅವರು ಆರು ವರ್ಷದವರಿದ್ದಾಗ ಪ್ಲೇಗಿಗೆ ಹೆದರಿ ಮನೆಯವರು ಬಿಟ್ಟು ಕಡಕೊಳವೆಂಬ ಹಳ್ಳಿಗೆ ಹೋದ ಮನೆ ಅದು. ತಾಯಿಯಿಲ್ಲದ ಅವರನ್ನು ಸಾಕಿದ ಸೋದರತ್ತೆ ನೀಲಮ್ಮ ಆ ಮನೆಯಲ್ಲಿಯೇ ಪ್ಲೇಗಿನಿಂದ ತೀರಿಕೊಂಡರೆಂದು ಎಲ್ಲರೂ ಹೇಳುತ್ತಿದ್ದರು.

ಈಗ ಅಲ್ಲಿ ವಾಸವಿದ್ದ ಮಹದೇವು ಬಾಗಿಲು ತೆರೆದು, ವಿಷಯ ಕೇಳುತ್ತಲೇ ಎರಡೂ ಕೈ ಚಾಚಿ ಅಡ್ಡ ನಿಂತ.

“ಹಳೇ ಮನೆಯೋರು ಅಂತ ಹೇಳ್ಕೊಂಡು ಮನೆ ಕೇಳೋಕ್ ಬಂದ್ರಾ? ಒಳಕ್ಕೆ ಕಾಲಿಟ್ರೆ ಸರಿಯಿರಲ್ಲ!”

“ಮನೆ ಬೇಡಪ್ಪ. ನಮ್ಮತ್ತೆ ನೀಲಮ್ಮನವರು ಸತ್ತ ಜಾಗ ನೋಡ್ಕೊಂಡು ಹೋಗ್ತೀವಿ,” ಎಂದರು ಚನ್ನಬಸವಯ್ಯ.

ಆ ಹೆಸರು ಕೇಳಿ ಮಹದೇವುವಿನ ತಾಯಿ ದೇವಿರಮ್ಮ ಗೋಡೆ ಹಿಡಿದುಕೊಂಡು ಹೊರಬಂದಳು.

“ಬುಡೋ ಮಗ, ಬರ್ಲಿ. ಜಾಗ ತೋರಿಸ್ತೀನಿ.”

ಹಿತ್ತಲ ಕಡೆಯ ಕೋಣೆಯ ಬಾಗಿಲನ್ನು ಅವಳು ಅಂಗೈಯಿಂದ ಬಡಿದಳು. “ನಿಮ್ಮತ್ತೆಗೆ ಪ್ಲೇಗ್ ಬಂತು ಅಂತ ನಿಮ್ಮಪ್ಪ ಇದಕ್ಕೆ ಹೊರಗಿಂದ ಚಿಲಕ ಹಾಕ್ಬುಟ್ಟು ಕಡಕೊಳಕ್ಕೆ ಹೊಂಟೋದ್ರು. ಆಯಮ್ಮ ಒಳಗಿಂದ ಬಡೀತಿದ್ದಿದ್ದು ಕೇಳಿ ಪಕ್ಕದ ಮನೇಲಿದ್ದ ನಮ್ಮವ್ವ ಬಂದು ತೆಗೆದ್ಲು. ಗಂಜಿ ಕುಡಿಸಿ ಉಳಿಸ್ಕೊಂಡ್ಲು. ಆಮೇಲೆ ಏಳೆಂಟು ವರ್ಷ ನಮ್ ಜೊತೆ ಇಲ್ಲೇ ಬದುಕಿದ್ರು ಕಣ್ರೀ, ನಿಮ್ಮತ್ತೆ!”

“ಸುಳ್ಳು!” ಚನ್ನಬಸವಯ್ಯ ಕಿರುಚಿದರು. “ನಮ್ಮಪ್ಪ ಅಂಥೋರಲ್ಲ. ನಡಿ ಮಂಗಳಾ, ಇದರಲ್ಲಿ ಒಂದಕ್ಷರಾನೂ ಬರೀಕೂಡದು.”

ಸರ್ವಮಂಗಳಾ ಕದಲಲಿಲ್ಲ. “ಬದುಕಿದ್ದೋರು ಕಡಕೊಳಕ್ಕೆ ಯಾಕೆ ಬರಲಿಲ್ಲಮ್ಮ?”

“ಹೋಗಿದ್ರು ಕಣವ್ವ. ಸತ್ತೋದ್ಲು ಅಂತ ಊರಿಗೆಲ್ಲ ಹೇಳಿದ್ದ ಅವರಣ್ಣ, ಬಾಗಿಲಲ್ಲೇ ತಡೆದು ವಾಪಸ್ ಕಳಿಸ್ಬುಟ್ರು. ಆಯಮ್ಮಂದು ಸಾಯೋಗಂಟ ಒಂದೇ ಮಾತು, ‘ಚೆನ್ನು ಉಂಡ್ನಾ?’ ಅಂತ.”

ಚನ್ನಬಸವಯ್ಯ ಹೊಸಿಲ ಮೇಲೆ ಕುಳಿತುಬಿಟ್ಟರು. ಅವರನ್ನು ಚೆನ್ನು ಎಂದು ಕರೆಯುತ್ತಿದ್ದವರು ಅತ್ತೆಯೊಬ್ಬರೇ. ಆ ಹೆಸರು ಸರ್ವಮಂಗಳಾಳಿಗೂ ತಿಳಿದಿರಲಿಲ್ಲ. ಮಹದೇವು ಗಾಬರಿಯಾಗಿ ನೀರು ತಂದುಕೊಟ್ಟ.

“ಎಲ್ಲಿ ಮಣ್ಣು ಮಾಡಿದ್ರಿ?” ಎಂದು ಚನ್ನಬಸವಯ್ಯ ಲೋಟ ಕೆಳಗಿಟ್ಟು ಕೇಳಿದರು.

ಮಹದೇವು ತಾಯಿಯ ಮುಖ ನೋಡಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ.

ಕಲ್ಲು ವಾಲಿದ್ದ ಸಮಾಧಿಯ ಮೇಲಿನ ಹುಲ್ಲನ್ನು ಚನ್ನಬಸವಯ್ಯ ಕೈಯಿಂದಲೇ ಕಿತ್ತರು. ಮಗಳು ಬಗ್ಗಿದಾಗ ಬೇಡವೆಂದರು.

“ಬರಿ ಮಂಗಳಾ. ಚಿಲಕ ಹಾಕಿದ್ದನ್ನೂ ಬರಿ. ತೆಗೆದೋರ ಹೆಸರನ್ನೂ ಸೇರಿಸು.”

ಅವಳು ಮಹದೇವುವಿನ ಕಡೆ ತಿರುಗಿದಳು.

“ಶಿವನಂಜಮ್ಮ,” ಎಂದ ಅವನು. “ನಮ್ಮಜ್ಜಿ.”