ಕೆನ್ನೆಯ ಕೆಂಪು

"ಈ ಮಗುವಿನ ಮನಸ್ಸಲ್ಲಿ ಏನಿದೆ, ಯಾರು ಹೇಳ್ತೀರಾ?"

ಹುಲ್ಲಹಳ್ಳಿ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಹೇಮಲತಾ ಒಂಬತ್ತನೇ ಕ್ಲಾಸನ್ನು ಕೇಳಿದಳು. ಬೋರ್ಡಿಗೆ ಅಂಟಿಸಿದ್ದು ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಯಾರೋ ಬರೆದ ಚಿತ್ರದ ಪ್ರಿಂಟು. ಜರಿಯಂಗಿ ತೊಟ್ಟ ಎರಡು ವರ್ಷದ ಮಗು, ಕೊರಳಲ್ಲಿ ಹವಳದ ಸರ, ಮುಷ್ಟಿಯಲ್ಲಿ ಪುಟ್ಟ ಹಕ್ಕಿ. ಕೊನೆಗೆ ಟೀಚರೇ ಬಿಡಿಸಿ ಹೇಳಿದಳು. ಹವಳ ದೃಷ್ಟಿ ತಾಗದಿರಲೆಂದು. ಹಕ್ಕಿ ಎಂದರೆ ಜೀವ, ಯಾವಾಗ ಬೇಕಾದರೂ ಹಾರಿಹೋಗುವಂಥದ್ದು. "ಕೆನ್ನೆ ಕೆಂಪು, ಕಣ್ಣಿನ ಹೊಳಪು ನೋಡಿ. ಅದು ದೈವಕಳೆ. ಬರ್ಕೊಳ್ಳಿ."

ಬರೆದುಕೊಂಡರು ಪಾಪ. ಊಟಕ್ಕೆ ಕರೆಯಲು ಬಂದ ಅಡುಗೆಯ ರಾಚಮ್ಮ ಮಾತ್ರ, ಮಕ್ಕಳೆಲ್ಲ ಓಡಿದ ಮೇಲೂ ಚಿತ್ರವನ್ನೇ ನೋಡುತ್ತ ನಿಂತಳು.

"ಕಳೆ ಅಲ್ಲ ಕಣ್ರವ್ವ, ಈ ಮಗೀಗೆ ಜರ. ಕಣ್ಣು ನೀರಾಡ್ತಾವೆ ನೋಡಿ. ಏಳು ಮಕ್ಕಳ್ನ ಎತ್ತು ಸಾಕಿವ್ನಿ, ನಂಗೆ ಗೊತ್ತಾಗಕಿಲ್ವಾ? ಮೈ ಸುಡ್ತಿದ್ರೂ ಒಡವೆ ಆಕಿ ನಿಲ್ಸವ್ಳಲ್ಲ, ಅದ್ಯಾವ ತಾಯಿನೋ! ಅವಳ ಸೊಕ್ಕಿಗಿಷ್ಟು ಬೆಂಕಿ ಆಕ!"

ಈ ಸ್ಕೂಲಿಗೆ ಬಂದು ಮೂರೇ ತಿಂಗಳಾದ ಹೇಮಲತಾಳ ಕಥೆ ರಾಚಮ್ಮನಿಗೆ ಹೇಗೆ ಗೊತ್ತಿರಬೇಕು?

ಸಂಜೆ ಹೇಮಲತಾ ನಂಜನಗೂಡಿನ ಮನೆ ಸೇರಿದಾಗ ಗಂಡ ರಘು ಶೆಲ್ಫಿನ ಫೋಟೋ ಮುಂದೆ ದೀಪ ಹಚ್ಚುತ್ತಿದ್ದ. ಮಗ ಹೇಮಂತನ ಕೃಷ್ಣವೇಷ. ನವಿಲುಗರಿ, ಕೊಳಲು, ಮುತ್ತಿನ ಸರ. ವೇಷದ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ನಾಲ್ಕನೇ ದಿನ ಮಗುವೇ ಇರಲಿಲ್ಲ. ಜ್ವರ ದಿಢೀರನೆ ಬಂತು ಎಂದು ಆರು ವರ್ಷದಿಂದ ಎಲ್ಲರಿಗೂ ಹೇಳಿ ಹೇಳಿ ತಾನೂ ನಂಬಿದ್ದಳು. "ಸಾಕ್ಷಾತ್ ಕೃಷ್ಣನ ಕಳೆ" ಎಂದು ತೀರ್ಪುಗಾರರು ಹೊಗಳಿದ್ದೊಂದೇ ಅವಳಿಗೆ ಉಳಿದಿದ್ದ ಸಮಾಧಾನ. ಆದರೆ ಅಯ್ಯೋ, ಅವತ್ತು ಆ ಕೆನ್ನೆಗೆ ಬಣ್ಣವನ್ನೇ ಹಚ್ಚಿರಲಿಲ್ಲವಲ್ಲ! ಬೇಕಾಗಿರಲಿಲ್ಲ.

"ರೀ, ಅವತ್ತು ಹೊರಡೋವಾಗ ಮಗು ಮೈ ಬಿಸಿ ಇದೆ ಅಂದಿದ್ರಾ?"

ರಘು ಬತ್ತಿ ಸರಿಮಾಡುತ್ತಲೇ ಹೇಳಿದ. "ಎರಡು ಸಲ ಅಂದಿದ್ದೆ."

"ನಾನೇನಂದೆ?"

"ಕಾಂಪಿಟೇಷನ್ ಮುಗೀಲಿ, ಆಮೇಲೆ ಸಿರಪ್ ಕುಡಿಸೋಣ ಅಂದೆ."

"ಇಷ್ಟು ವರ್ಷ ಯಾಕ್ರೀ ಬಾಯಿ ಬಿಡ್ಲಿಲ್ಲ?"

"ವೇಷ ಕಟ್ಟಿದ್ದು ನೀನು. ಎತ್ಕೊಂಡು ಹೋಗಿದ್ದು ನಾನಲ್ವಾ?"

ಅವನು ಕೈಯ ಎಣ್ಣೆ ತೊಳೆಯಲು ಬಚ್ಚಲಿಗೆ ಹೋದ. ಹೇಮಲತಾ ಹಿಂಗೈಯನ್ನು ಮಗುವಿನ ಹಣೆಯ ಮೇಲಿಟ್ಟು ನೋಡಿದಳು. ದೀಪ ಹತ್ತಿರವಿತ್ತು, ಗಾಜು ಬೆಚ್ಚಗಿತ್ತು.