ಅಲಾರಾಂ ನಿದ್ದೆಹೋದ ಮಧ್ಯಾಹ್ನ

ಯಂತ್ರಗಳನ್ನು ಪರೀಕ್ಷಿಸುವ ಮೇಜಿನ ಹುಡುಗಿ ಬಂದು "ಮೇಡಂ, ಒಂದು ಬೋರ್ಡು ಕೂಗ್ತಾ ಇಲ್ಲ" ಎಂದಾಗ ಪುಟ್ಟಿ ತಲೆಯನ್ನೂ ಎತ್ತಲಿಲ್ಲ. "ಸ್ಪೀಕರ್ ವೈರು ಸಡಿಲ ಆಗಿರುತ್ತೆ, ನೋಡು" ಅಂದಳು. ಪುಟ್ಟಿ ಅನ್ನುವುದು ಅವಳ ಅಕ್ಕ ಕರೆಯುವ ಹೆಸರು. ನಲವತ್ತು ದಾಟಿ, ಕನ್ನಡಕ ಬಂದು, ಕೈಕೆಳಗೆ ಒಂದಷ್ಟು ಜನರಿದ್ದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ನಾವೂ ಹಾಗೇ ಕರೆಯೋಣ.

ಅವರ ಕಂಪನಿ ಮಾಡುವುದು ಉಸಿರಿನ ಯಂತ್ರ. ಶ್ವಾಸಕೋಶ ಸೋತವರ ಹಾಸಿಗೆ ಪಕ್ಕದಲ್ಲಿ ಕೂತು ಕೊಳವೆಯಲ್ಲಿ ಆಮ್ಲಜನಕ ಕಳಿಸುವ ಪೆಟ್ಟಿಗೆ. ಕೊಳವೆ ಮಡಚಿದರೆ, ಕಳಚಿದರೆ, ಅದು ಬೀದಿಗೆಲ್ಲ ಕೇಳುವಂತೆ ಕೂಗಬೇಕು. ಪೆಟ್ಟಿಗೆಯೊಳಗಿನ ಬೋರ್ಡಿನ ಮೇಲೆ ಒಂದು ಪುಟಾಣಿ ಲಿನಕ್ಸ್ ಕಂಪ್ಯೂಟರ್ ಇದೆ. ಆ ಲಿನಕ್ಸನ್ನು ನೂರಾರು ಚೂರು ತಂತ್ರಾಂಶಗಳಿಂದ ಕಟ್ಟಿ ಕೊಡುವುದು ಪುಟ್ಟಿಯ ಕೆಲಸ. ಯಾವ ಚೂರನ್ನು ಎಲ್ಲಿಂದ ತರಬೇಕು, ಏನು ತಿದ್ದಬೇಕು, ಹೇಗೆ ಕಟ್ಟಬೇಕು ಎಂದು ಬರೆದಿಟ್ಟ ಕಡತಕ್ಕೆ ಅವರು ರೆಸಿಪಿ ಅನ್ನುತ್ತಾರೆ. "ದಿನವಿಡೀ ರೆಸಿಪಿ ರೆಸಿಪಿ ಅಂತೀಯ, ಮನೇಲಿ ಹಾಲು ಕಾಯಿಸೋಕೆ ಇಟ್ರೆ ಉಕ್ಕಿಸ್ತೀಯ" ಎಂದು ಅಕ್ಕ ಹಂಗಿಸುವುದುಂಟು.

ಹುಡುಗಿ ಮತ್ತೆ ಬಂದಳು. "ವೈರು ಸರಿಯಾಗಿದೆ ಮೇಡಂ. ಆನ್ ಮಾಡಿದ ಕೂಡಲೇ ಕೊಳವೆ ಮಡಚಿದ್ರೆ ಕೂಗುತ್ತೆ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ಆಮೇಲೆ ಮಡಚಿದ್ರೆ ಕೂಗಲ್ಲ. ಕೆಂಪು ದೀಪ ಮಾತ್ರ ಮಿಟುಕುತ್ತೆ."

ಈಗ ಪುಟ್ಟಿ ತಲೆ ಎತ್ತಿದಳು. ಈ ರೋಗ ಅವಳಿಗೆ ಗೊತ್ತಿತ್ತು. ಶಬ್ದ ಹೊರಡಿಸುವ ಚೂರು ಹೊರಗಿನವರು ಬರೆದದ್ದು. ಕೆಲಸವಿಲ್ಲದಿದ್ದರೆ ವಿದ್ಯುತ್ ಉಳಿಸಲೆಂದು ಅದು ನಿದ್ದೆ ಹೋಗುತ್ತಿತ್ತು, ಇವರ ಬೋರ್ಡಿನ ಮೇಲೆ ಮತ್ತೆ ಏಳುತ್ತಿರಲಿಲ್ಲ. ಅದಕ್ಕೆ ಮದ್ದು ಅರೆದವಳೂ ಪುಟ್ಟಿಯೇ. ಪರರ ರೆಸಿಪಿಗೆ ನೇರವಾಗಿ ಕೈ ಹಾಕುವುದಿಲ್ಲ. ತಮ್ಮ ತಿದ್ದುಪಡಿಯನ್ನು ಬೇರೆ ಕಡತದಲ್ಲಿಟ್ಟು ಅದರ ಹಿಂದೆ ಕಟ್ಟುತ್ತಾರೆ. ಅಕಾಲದಲ್ಲಿ ತಲೆ ನರೆತದ್ದಕ್ಕೆ ಎಲ್ಲರಿಂದ ತಾತ ಅನ್ನಿಸಿಕೊಳ್ಳುವ ಸಹೋದ್ಯೋಗಿ ಆ ಕಡತಕ್ಕೆ ಇಟ್ಟ ಹೆಸರು ಬಾಲಂಗೋಚಿ. ಬಾಲಂಗೋಚಿಯ ಹೆಸರಿನಲ್ಲಿ ರೆಸಿಪಿಯ ಆವೃತ್ತಿಯ ಅಂಕಿ ಇರುತ್ತದೆ. ಅಂಕಿ ಹೊಂದದಿದ್ದರೆ ಅದು ಅಂಟುವುದಿಲ್ಲ.

ಚೂರುಗಳನ್ನೆಲ್ಲ ಕೂಡಿಸಿ ಕಟ್ಟುವುದಕ್ಕೆ ಅವರು ಬಿಲ್ಡ್ ಅನ್ನುತ್ತಾರೆ. ಬಿಲ್ಡ್ ಆದ ಜಾಗದಲ್ಲಿ ತಿದ್ದುಪಡಿಯನ್ನು ಹುಡುಕಿದಳು. ಇರಲಿಲ್ಲ. ಶಬ್ದದ ರೆಸಿಪಿಗೆ ಹೊಸ ಆವೃತ್ತಿ ಬಂದಿತ್ತು, ಬಾಲಂಗೋಚಿ ಹಳೆಯ ಅಂಕಿಯನ್ನೇ ಹಿಡಿದುಕೊಂಡು ದಿಕ್ಕಿಲ್ಲದೆ ಕೂತಿತ್ತು. ಹಾಗಿದ್ದರೆ ಬಿಲ್ಡ್ ಅಲ್ಲೇ ನಿಲ್ಲಬೇಕಿತ್ತು. 'ಈ ಬಾಲಕ್ಕೆ ರೆಸಿಪಿಯೇ ಇಲ್ಲ' ಎಂದು ಜಗಳ ತೆಗೆಯದೆ ಅದು ಮುಂದೆ ಹೋಗುವುದೇ ಇಲ್ಲ. ಯಾಕೆ ನಿಲ್ಲಲಿಲ್ಲ?

ಯಾಕೆಂದರೆ ಕಳೆದ ವಾರ ಯಾರಿಗೂ ಬೇಡದ ಇನ್ಯಾವುದೋ ಬಾಲಂಗೋಚಿಗೆ ಬಿಲ್ಡ್ ಹೀಗೇ ಮುನಿಸಿಕೊಂಡು ನಿಂತಿತ್ತು. ಕಂಪನಿಯ ಯಜಮಾನರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಪುಟ್ಟಿ ಒಂದು ಸಾಲು ಸೇರಿಸಿದಳು: ಇಂಥದ್ದು ಸಿಕ್ಕರೆ ನಿಲ್ಲಬೇಡ, ಎಚ್ಚರಿಕೆ ಕೊಟ್ಟು ಮುಂದೆ ಹೋಗು. ನಾಳೆ ತೆಗೆದರಾಯಿತು ಅಂದುಕೊಂಡಳು. ನಾಳೆ ಅನ್ನುವುದು ಎಷ್ಟು ಜನರ ಮನೆ ಹಾಳು ಮಾಡಿದೆಯೋ! ಎಚ್ಚರಿಕೆಗಳೋ, ಬಿಲ್ಡಿನಲ್ಲಿ ರಾಶಿ ರಾಶಿ ಬೀಳುತ್ತವೆ, ಯಾರೂ ಓದುವುದಿಲ್ಲ. ಆ ರಾಶಿಯಲ್ಲಿ ಶಬ್ದದ ಬಾಲಂಗೋಚಿಯ ಒಂದು ಸಾಲೂ ಬಿದ್ದಿತ್ತು.

ಪುಟ್ಟಿ ಕುರ್ಚಿ ಬಿಟ್ಟು ಎದ್ದಳು. ತಪ್ಪು ಸಿಕ್ಕಿತೆಂದಲ್ಲ. ಯಜಮಾನರದೊಂದು ಕಟ್ಟಳೆಯಿತ್ತು: ಊರಿಗೆ ಕೊಡುವ ಮೊದಲು ನಮ್ಮವರ ಮನೆಗೆ ಕೊಡಬೇಕು. ಯಾವ ಹೊಸ ತಂತ್ರಾಂಶವಾದರೂ ಮೊದಲು ಕೆಲಸಗಾರರ ಬಂಧುಗಳ ಮನೆಯ ಯಂತ್ರಕ್ಕೇ ಹೋಗುತ್ತಿತ್ತು. ಅಂಥ ಯಂತ್ರ ಸದ್ಯಕ್ಕೆ ಇದ್ದದ್ದು ಒಂದೇ ಮನೆಯಲ್ಲಿ. ಅದು ಅಕ್ಕನ ತಲೆದಿಂಬಿನ ಪಕ್ಕ ಕೂತಿತ್ತು. ಹೊಸದು ಅದಕ್ಕೆ ನಿನ್ನೆಯೇ ಹೋಗಿತ್ತು. ಈಗ ಊಟ ಮುಗಿಸಿ ಅಕ್ಕ ಮಲಗುವ ಹೊತ್ತು.

ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮಲಗುವಾಗ ಅಕ್ಕ ಫೋನಿನ ಬಾಯಿ ಮುಚ್ಚಿಸುತ್ತಾಳೆ, ಅದು ಪುಟ್ಟಿಗೂ ಗೊತ್ತು. ಆದರೂ ಮತ್ತೆ ಮತ್ತೆ ಮಾಡಿದಳು.

"ತಾತ, ಅಕ್ಕನ ಮಿಷನ್‌ಗೆ ಹಳೇದನ್ನ ವಾಪಸ್ ಹಾಕು. ಇಲ್ಲಿಂದಲೇ. ಈಗಲೇ."

ತಾತ ಪರದೆಯನ್ನೂ ಅವಳ ಮುಖವನ್ನೂ ನೋಡಿದ. ವಿಷಯ ಅರ್ಥವಾಗಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಹಾಕಬಹುದು. ಆದ್ರೆ ಮಿಷನ್ ಆಫ್ ಆಗಿ ಆನ್ ಆಗುತ್ತೆ. ಅಷ್ಟು ಹೊತ್ತು ಗಾಳಿ ಇರಲ್ಲ. ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ."

"ಹಾಗಾದ್ರೆ ಮುಟ್ಟಲ್ಲ ಕಣಮ್ಮ. ನೀನು ಹೋಗು. ಯಜಮಾನ್ರಿಗೆ ನಾನು ಹೇಳ್ತೀನಿ, ಬಾಲಂಗೋಚಿ ಸರಿ ಮಾಡಿ ಹೊಸ ಬಿಲ್ಡ್ ಕಟ್ತಾ ಇರ್ತೀನಿ. ತಲುಪಿ ಫೋನ್ ಮಾಡು."

ಸ್ಕೂಟರ್ ಹತ್ತಿ ಮನೆ ಕಡೆ ಹೊರಟಳು. ಅಮ್ಮ ತೀರಿಕೊಂಡಾಗ ಪುಟ್ಟಿಗೆ ಹಾಲುಹಲ್ಲು ಬೀಳುತ್ತಿದ್ದವು. ಅಕ್ಕನೇ ಜಡೆ ಹಾಕಿದ್ದು, ಅಕ್ಕನೇ ಫೀಸು ಕಟ್ಟಿದ್ದು, ಬಣ್ಣದ ಕಾರ್ಖಾನೆಯ ಗಾಳಿ ಕುಡಿದು ಎದೆ ಹಾಳು ಮಾಡಿಕೊಂಡದ್ದೂ ಆ ಫೀಸಿಗಾಗಿಯೇ. ದಾರಿಯಲ್ಲಿ ಸಿಗ್ನಲ್ಲು ಕೆಂಪಾದಾಗಲೆಲ್ಲ ಅವಳಿಗೆ ಸದ್ದಿಲ್ಲದೆ ಮಿಟುಕುವ ಆ ಇನ್ನೊಂದು ಕೆಂಪು ದೀಪವೇ ಕಾಣುತ್ತಿತ್ತು. 'ದೇವರೇ, ಇವತ್ತೊಂದು ದಿನ ಅವಳು ನೆಟ್ಟಗೆ ಮಲಗಿರಲಿ' ಎಂದು ಗಟ್ಟಿಯಾಗಿಯೇ ಬೇಡಿಕೊಂಡಳು. ಪಕ್ಕದ ಬೈಕಿನವನು ತಿರುಗಿ ನೋಡಿದ.

ಮೆಟ್ಟಿಲು ಹತ್ತಿ, ತನ್ನ ಕೀಲಿಯಿಂದಲೇ ಬಾಗಿಲು ತೆಗೆದಳು. ಮನೆ ತಣ್ಣಗಿತ್ತು. ಪರದೆ ಎಳೆದ ಕೋಣೆಯ ಗೋಡೆಯ ಮೇಲೆ ಕೆಂಪು ಬೆಳಕು ಬಂದು ಬಂದು ಹೋಗುತ್ತಿತ್ತು.

ಅಕ್ಕ ಮಗ್ಗುಲಾಗಿ ಮಲಗಿದ್ದಳು. ಕೊಳವೆ ಅವಳ ಮೊಣಕೈ ಕೆಳಗೆ ಸಿಕ್ಕಿ ಮಡಚಿಹೋಗಿತ್ತು. ಪುಟ್ಟಿ ಓಡಿಹೋಗಿ ಬಗ್ಗಿದಳು. ಕೈಯನ್ನು ಎತ್ತಿ ಕೊಳವೆ ಬಿಡಿಸಿದಳು. ಅಕ್ಕನ ತುಟಿ ಕಂದಿತ್ತು, ಉಗುರುಗಳಿಗೆ ನೀಲಿ ಹತ್ತಿತ್ತು. "ಅಕ್ಕಾ! ಅಕ್ಕಾ, ಏಳೇ!" ಭುಜ ಹಿಡಿದು ಅಲುಗಿಸಿದಳು. ತಲೆ ಗೊಂಬೆಯದರಂತೆ ಅತ್ತಿತ್ತ ಹೊರಳಿತು. ಪುಟ್ಟಿ ಅವಳನ್ನು ಎತ್ತಿ ಎದೆಗೊರಗಿಸಿಕೊಂಡು ಕೂತಳು. ಒಂದು ಕೈಯಲ್ಲಿ ಆಸ್ಪತ್ರೆಗೆ ಫೋನ್ ಒತ್ತುತ್ತಿದ್ದಾಗ ಅಕ್ಕನ ಎದೆ ಒಮ್ಮೆ ಜೋರಾಗಿ ಏರಿತು. ಮತ್ತೊಮ್ಮೆ ಏರಿತು. ಕೆಮ್ಮು ಬಂತು.

"ಯಾಕೇ ಹಿಂಗೆ ಅಲ್ಲಾಡಿಸ್ತೀಯ... ತಲೆ ಸಿಡೀತಾ ಇದೆ." ಮಾತು ತೊದಲುತ್ತಿತ್ತು. ಆದರೆ ಮಾತು! ಬೈಗುಳ ಇಷ್ಟು ಸಿಹಿಯಾಗಿರುತ್ತದೆಂದು ಪುಟ್ಟಿಗೆ ಆವರೆಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಬಂದು ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಇನ್ನು ಅಪಾಯವಿಲ್ಲ, ಆದರೆ ಒಬ್ಬಳನ್ನೇ ಬಿಡಬೇಡಿ ಎಂದು ಹೇಳಿ ಹೋದರು. ಅಕ್ಕನ ತುಟಿಗೆ ಬಣ್ಣ ಮರಳಿತ್ತು. ದಿಂಬಿಗೊರಗಿ ಕೂತು ಅವಳು ಯಂತ್ರದ ಕಡೆ ಮೆಚ್ಚಿ ನೋಡಿದಳು. "ನಿನ್ನೆಯಿಂದ ಇದು ಎಷ್ಟು ಸಾಧು ಆಗಿದೆ ಗೊತ್ತಾ? ಮೊದ್ಲು ಹೊರಳಿದ್ರೆ ಸಾಕು, ಬಾಯಿ ಬಡ್ಕೋತಾ ಇತ್ತು. ಬೆಳಿಗ್ಗೆ ನಿಮ್ ಯಜಮಾನ್ರು ಫೋನ್ ಮಾಡಿ ಹೇಗಿದೆ ಅಂತ ಕೇಳಿದ್ರು. ಬಹಳ ಚೆನ್ನಾಗಿದೆ, ಎಲ್ರಿಗೂ ಇದನ್ನೇ ಕೊಡಿ ಅಂದೆ. ನಮ್ ಪುಟ್ಟಿ ಕೈಗುಣ ಅಂತಾನೂ ಅಂದೆ."

ಸದ್ದು ಮಾಡದ ಯಂತ್ರದ ಮೇಲೆ ಯಾವ ಮನೆಯವರು ದೂರು ಕೊಡುತ್ತಾರೆ? ಪುಟ್ಟಿ ತಾತನಿಗೆ ಫೋನ್ ಮಾಡಿದಳು.

"ಸಂಜೆಗೆ ಎಲ್ರಿಗೂ ಕಳಿಸೋದಿತ್ತು, ನಿಲ್ಲಿಸಿದೀನಿ" ಅಂದ ತಾತ. "ಹೊಸ ಬಿಲ್ಡ್ ರೆಡಿ. ನಿನ್ನ ಆ ಸಾಲೂ ತೆಗ್ದೆ. ಕಳಿಸ್ಲಾ?"

ಕರೆಂಟು ಹೋದರೆ ಬೇಕೆಂದು ಮನೆಯಲ್ಲಿಟ್ಟಿದ್ದ ಸಣ್ಣ ಆಮ್ಲಜನಕದ ಸಿಲಿಂಡರಿನ ಕೊಳವೆಯನ್ನು ಅಕ್ಕನ ಮೂಗಿಗೆ ಹಾಕಿ "ಕಳಿಸು" ಅಂದಳು. ಯಂತ್ರ ಆರಿತು, ಹೊತ್ತಿತು, ಹಸಿರು ದೀಪ ಬಂತು. ಅದರ ಕೊಳವೆಯನ್ನು ಬೆರಳಲ್ಲಿ ಒತ್ತಿ ಹಿಡಿದಳು. ಯಂತ್ರ ಕಿರುಚಿತು.

"ಸರಿ ಹೋಯ್ತಲ್ಲ, ಇನ್ನು ಬಿಡು ಮಾರಾಯ್ತಿ" ಅಂದಳು ಅಕ್ಕ, ಕಿವಿ ಮುಚ್ಚಿಕೊಂಡು.

"ಇಲ್ಲಕ್ಕ. ಈಗ ಕೂಗೋದು ಲೆಕ್ಕಕ್ಕಿಲ್ಲ. ಸುಮ್ನೆ ಬಿಡ್ಬೇಕು. ಆಮೇಲೆ ಕೂಗ್ಬೇಕು."

ಕೊಳವೆ ಬಿಟ್ಟು, ನೆಲದ ಮೇಲೆ ಯಂತ್ರದ ಎದುರು ಕೂತಳು. ಪೆಟ್ಟಿಗೆ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಒಳಗೆ ಆ ಶಬ್ದದ ಚೂರು ಎಚ್ಚರವಿದೆಯೋ ತೂಕಡಿಸುತ್ತಿದೆಯೋ ಹೊರಗಿನಿಂದ ತಿಳಿಯುವಂತಿರಲಿಲ್ಲ. ದಾರಿಯಲ್ಲಿ ಆದದ್ದಕ್ಕಿಂತ ಹೆಚ್ಚಿನ ಹೆದರಿಕೆ ಈಗ ಮೈತುಂಬ ಹತ್ತಿತು. ಆಗ ಓಡುವುದಕ್ಕಾದರೂ ಇತ್ತು. ಹಿಂದೆ ಅಕ್ಕ ಏನೋ ಹೇಳುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ.

ಸಾಕಷ್ಟು ಹೊತ್ತಾದ ಮೇಲೆ ಕೈ ಚಾಚಿದಳು. ಅರ್ಧಕ್ಕೇ ಹಿಂದೆಗೆದಳು. ಮತ್ತೆ ಚಾಚಿ, ಕಣ್ಣು ಮುಚ್ಚಿಕೊಂಡು, ಕೊಳವೆಯನ್ನು ಮಡಚಿದಳು.

ಯಂತ್ರ ಬೀದಿಗೆಲ್ಲ ಕೇಳುವಂತೆ ಕೂಗಿತು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. "ನಿಲ್ಸೇ ಅದನ್ನ, ಕಿವಿ ಹೋಯ್ತು!" ಎಂದು ಅಕ್ಕ ಕೂಗಿದಳು. ಪುಟ್ಟಿ ಎರಡೂ ಕೈಯಲ್ಲಿ ಕೊಳವೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಆ ಗಲಾಟೆಯಲ್ಲಿ ಅವಳ ಅಳು ಯಾರಿಗೂ ಕೇಳಲಿಲ್ಲ.