ಜಿಗಿದವನ ಅಂಗಿ

ನಾನು ಒಂದು ಖಾಕಿ ಅಂಗಿ. ಪೊಲೀಸರದ್ದಲ್ಲ, ಪೊಲೀಸರ ವೇಷ ಹಾಕುವವರದ್ದು. ಕೋಲ್ಕತ್ತದ ಮಟಿಯಾಬುರುಜ್‌ನ ಇಕ್ಕಟ್ಟು ಗಲ್ಲಿಯೊಂದರಲ್ಲಿ ಇದ್ರಿಸ್ ಎಂಬ ಮುದಿ ದರ್ಜಿ ಒಂದೇ ಬಟ್ಟೆಯ ತಾನಿನಿಂದ ಎರಡು ಅಂಗಿ ಕತ್ತರಿಸಿದ. ಒಂದು ಹೀರೋಗೆ. ಇನ್ನೊಂದು, ಅಂದರೆ ನಾನು, ಹೀರೋ ಬದಲು ಬೀಳುವವನಿಗೆ. ಹೆಗಲಿಗೆ ಮೂರು ನಕ್ಷತ್ರ ಹೊಲಿಯುತ್ತ ಮುದುಕ ಗೊಣಗಿದ: "ನಿಜವಾದ ಪೊಲೀಸರು ಇದಕ್ಕೆ ಆಯಸ್ಸೆಲ್ಲ ಸವೆಸ್ತಾರೆ. ಇವರಿಗೆ ಬೆಳಗಿನ ತಿಂಡಿಗೆ ಮೊದಲೇ ಸಿಗುತ್ತೆ."

ಆ ಬಂಗಾಳಿ ಸಿನಿಮಾದ ಕಥೆ ಹೇಳಲು ನನಗೆ ನಾಚಿಕೆ. ಕಳ್ಳಸಾಗಣೆಯವನೊಬ್ಬ ಇನ್‌ಸ್ಪೆಕ್ಟರನ ಅಣ್ಣನನ್ನು ಕೊಲ್ಲುತ್ತಾನೆ. ಇನ್‌ಸ್ಪೆಕ್ಟರ್ ಸೇಡಿಗಾಗಿ ಮೂವತ್ತೆರಡು ಜನರನ್ನು ಕೊಲ್ಲುತ್ತಾನೆ. ಕಥೆಯುದ್ದಕ್ಕೂ ಅವನು ಒಂದೇ ಒಂದು ದೂರು ಬರೆದುಕೊಳ್ಳುವುದಿಲ್ಲ. ಅವನ ಠಾಣೆಯಲ್ಲಿ ಪೆನ್ನಾದರೂ ಇತ್ತೋ ಇಲ್ಲವೋ!

ಇನ್‌ಸ್ಪೆಕ್ಟರ್ ಆದವನು ದೀಪ್ತಾರ್ಕ ರಾಯ್. ಕನ್ನಡಿ ಕಂಡಲ್ಲೆಲ್ಲ ನಿಲ್ಲುವವನು. ನನ್ನನ್ನು ತೊಟ್ಟವನು ನಕುಲ್ ಸರ್ದಾರ್. ಸುಂದರಬನದ ಕಡೆಯವನು, ಇಪ್ಪತ್ತು ವರ್ಷಗಳಿಂದ ಬೇರೆಯವರ ಪರವಾಗಿ ಬೀಳುತ್ತಿದ್ದವನು. ಪ್ರತಿ ಜಿಗಿತಕ್ಕೆ ಮೊದಲು ಹೆಂಡತಿ ಶೆಫಾಲಿಗೆ ಫೋನ್ ಮಾಡಿ "ಊಟ ಆಯ್ತಾ?" ಎಂದಷ್ಟೇ ಕೇಳುತ್ತಿದ್ದ.

ಹೌರಾದ ಮುಚ್ಚಿಹೋದ ಸೆಣಬಿನ ಗಿರಣಿಯಲ್ಲಿ ದೊಡ್ಡ ಜಿಗಿತ. ಎರಡನೇ ಮಹಡಿಯ ಕಿಟಕಿಯಿಂದ ಹಾರಬೇಕು. ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದರು. ಅಂಚಿನ ಪೆಟ್ಟಿಗೆಗಳು ಕ್ಯಾಮೆರಾದಲ್ಲಿ ಕಾಣುತ್ತವೆಂದು ನಿರ್ದೇಶಕ ಎರಡು ಸಾಲು ತೆಗೆಸಿದ.

"ಅಷ್ಟು ತೆಗೆದರೆ ಹೆಗಲು ನೆಲಕ್ಕೆ ಬಡಿಯುತ್ತೆ, ಸಾರ್," ಎಂದ ನಕುಲ್.

"ಇಷ್ಟು ವರ್ಷ ಬಿದ್ದಿದ್ದೀಯ, ಇನ್ನೂ ಹೆದರ್ತೀಯಾ?" ಎಂದು ನಿರ್ದೇಶಕ ನಕ್ಕ.

ಕೊಡೆಯ ನೆರಳಲ್ಲಿ ಕೂತು ಸೀಬೆಹಣ್ಣು ತಿನ್ನುತ್ತಿದ್ದ ದೀಪ್ತಾರ್ಕ ಕೂಗಿದ: "ಬೇಗ ಮುಗಿಸಿ, ನಕುಲ್‌ದಾ. ಮೇಕಪ್ ಕರಗ್ತಿದೆ." 'ದಾ' ಎಂದರೆ ಬಂಗಾಳಿಯಲ್ಲಿ ಅಣ್ಣ.

ನಕುಲ್ ಹಾರಿದ. ಮೂಳೆ ಮುರಿದ ಸದ್ದನ್ನು ಎಲ್ಲರಿಗಿಂತ ಹತ್ತಿರದಿಂದ ಕೇಳಿದ್ದು ನಾನು. ನನ್ನ ಬಲಗಡೆಯ ಹೆಗಲ ಹೊಲಿಗೆ ಹರಿಯಿತು. ಬಿಸಿ ರಕ್ತ ನನ್ನೊಳಗೆ ಇಳಿಯಿತು. "ಶಾಟ್ ಓಕೆ!" ಎಂಬ ಕೂಗು. ಆಮೇಲೆ ಚಪ್ಪಾಳೆ.

ಹೀರೋ ನೆಲದಿಂದ ಏಳುವ ದೃಶ್ಯ ಬಾಕಿ ಇತ್ತು. ಅವನ ಅಂಗಿಗೆ ಬಣ್ಣ ಹಚ್ಚಲು ಹೋದವರನ್ನು ನಿರ್ದೇಶಕ ತಡೆದ. "ಇದರಲ್ಲಿ ರಕ್ತ ಚೆನ್ನಾಗಿ ಬಂದಿದೆ. ಇದನ್ನೇ ಹಾಕಿ." ಆಸ್ಪತ್ರೆಗೆ ಕರೆದೊಯ್ಯುವ ಮೊದಲು ನನ್ನನ್ನು ನಕುಲನ ಮೈಯಿಂದ ಎಳೆದರು. ಬಿದ್ದಾಗ ಬಾಯಿಬಿಡದವನು ಆಗ ಚೀರಿದ. ದೀಪ್ತಾರ್ಕ ನನ್ನನ್ನು ಎರಡೇ ಬೆರಳಲ್ಲಿ ಹಿಡಿದು, ಮೂಗು ಸಿಂಡರಿಸಿಕೊಂಡು ತೊಟ್ಟ. ಕ್ಯಾಮೆರಾ ಓಡಿದ ಕೂಡಲೇ ಹಲ್ಲು ಕಡಿದು ಗರ್ಜಿಸಿದ: "ನನ್ನ ಅಣ್ಣನ ಒಂದೊಂದು ಹನಿ ರಕ್ತಕ್ಕೂ ನೀವು ಉತ್ತರ ಕೊಡಬೇಕು!" ಅವನ ಎದೆಗೆ ಅಂಟಿದ್ದ ರಕ್ತ ಯಾರದೆಂದು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಸಿನಿಮಾ ಗೆದ್ದಿತು. ಇಂಥವು ಗೆಲ್ಲುತ್ತವೆ. ಐವತ್ತನೇ ದಿನ ಚಿತ್ರಮಂದಿರದಲ್ಲಿ ಸಂಭ್ರಮ. ತೊಳೆಯದ ನನ್ನನ್ನು ತೊಟ್ಟು ವೇದಿಕೆ ಏರಿದ ದೀಪ್ತಾರ್ಕ ಮೈಕಿನಲ್ಲಿ ಹೇಳಿದ: "ಡ್ಯೂಪ್ ಬೇಡ ಅಂದೆ. ಇದು ನನ್ನದೇ ರಕ್ತ."

"ಒಂದ್ಸಲ ಜಿಗಿಯಿರಿ, ದಾದಾ!" ಎಂದು ಅಭಿಮಾನಿಗಳು ಕೂಗಿದರು. ವೇದಿಕೆ ಸೊಂಟದೆತ್ತರ. ಅವನು ಅಂಚಿಗೆ ಬಂದು ಇಣುಕಿದ. ಒಳಗೆ ಅವನ ಎದೆ ಹೊಡೆದುಕೊಂಡ ಪರಿ ನನಗೊಬ್ಬನಿಗೇ ಗೊತ್ತು. ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಶೆಫಾಲಿಯ ಪಕ್ಕ ಕೂತಿದ್ದ ನಕುಲ್ ಅವನ ಕಣ್ಣಿಗೆ ಬಿದ್ದ. "ನಮ್ಮ ಫೈಟರ್ ನಕುಲ್‌ದಾ ಇದ್ದಾರೆ. ಅವರೇ ಜಿಗಿದು ತೋರಿಸ್ತಾರೆ!"

ನಕುಲನ ಬಲಗೈ ಇನ್ನೂ ಜೋಲಿಯಲ್ಲಿತ್ತು. ಶೆಫಾಲಿ ಎದ್ದು ನಿಂತಳು.

"ಅವರು ಆಗಲೇ ಜಿಗಿದಾಯ್ತು. ನೀವು ಹಾಕ್ಕೊಂಡಿರೋದು ಅವರ ಅಂಗಿ."

"ಕೂತ್ಕೋ," ಎಂದು ನಕುಲ್ ಅವಳ ಸೆರಗು ಎಳೆದ.

"ಯಾಕೆ ಕೂರಲಿ? ಬಲಗಡೆ ಹೆಗಲಲ್ಲಿ ಹರಿದಿದೆ ನೋಡಿ. ಅದೇ ಜಾಗದಲ್ಲಿ ಇವರಿಗೆ ಗಾಯ ಇದೆ. ದಾದಾ, ನಿಮ್ಮದನ್ನೂ ತೋರಿಸಿ."

ಎಲ್ಲರ ಕಣ್ಣು ದೀಪ್ತಾರ್ಕನ ಹೆಗಲಿಗೆ ತಿರುಗಿತು. ಇಡೀ ಸಿನಿಮಾದಲ್ಲಿ ನಟಿಸಲು ಬಾರದವನು ಆಗ ಮಾತ್ರ ಚೆನ್ನಾಗಿ ನಟಿಸಿದ. ಮೆಟ್ಟಿಲಿಳಿದು ಓಡಿಬಂದು ನಕುಲನನ್ನು ತಬ್ಬಿದ, ಅದೂ ಮುರಿದ ಹೆಗಲನ್ನೇ ಹಿಚುಕಿ. "ಇವರು ನನ್ನ ಅಣ್ಣ ಇದ್ದ ಹಾಗೆ," ಎಂದು ಕಣ್ಣೊರೆಸಿಕೊಂಡ. ಜನ ಮೂಗೆಳೆಯುತ್ತ ಚಪ್ಪಾಳೆ ತಟ್ಟಿದರು. ಸುಳ್ಳು ಕಣ್ಣೆದುರೇ ಬಯಲಾಗಿದ್ದರೂ ಅವರಿಗೆ ಅಪ್ಪುಗೆಯೇ ಸಾಕಾಯಿತು.

ಶೆಫಾಲಿಗೆ ಸಾಕಾಗಲಿಲ್ಲ. "ಸರಿ, ಅಣ್ಣನ ಅಂಗಿ ಅಣ್ಣನಿಗೆ ಕೊಡಿ," ಎಂದು ಕೈಚಾಚಿದಳು.

ಸುತ್ತ ಕ್ಯಾಮೆರಾಗಳಿದ್ದವು. ಬೇರೆ ದಾರಿ ಇರಲಿಲ್ಲ. ದೀಪ್ತಾರ್ಕ ಗುಂಡಿ ಬಿಚ್ಚಿದ. ಒಳಗೆ ಬನಿಯನ್, ಅದರ ಮೇಲೆ ಹೊಟ್ಟೆ ಬಿಗಿದ ಅಗಲವಾದ ರಬ್ಬರ್ ಪಟ್ಟಿ. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಚಿತ್ರಮಂದಿರ ನಕ್ಕಿತು. ಶೆಫಾಲಿ ಮಾತ್ರ ನಗಲಿಲ್ಲ. ನನ್ನನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮರುದಿನದ ಪತ್ರಿಕೆಗಳು ಅಪ್ಪುಗೆಯ ಚಿತ್ರವನ್ನಷ್ಟೇ ಹಾಕಿ 'ತಾರೆಯ ದೊಡ್ಡ ಮನಸ್ಸು' ಎಂದು ಬರೆದವು. ನಕುಲನ ಹೆಸರನ್ನು 'ನಿಖಿಲ್' ಎಂದು ಅಚ್ಚು ಹಾಕಿದ್ದವು.

ಅವನ ತೋಳು ಮತ್ತೆ ಪೂರ್ತಿ ಮೇಲೇಳಲಿಲ್ಲ. ಈಗ ಟಾಲಿಗಂಜ್‌ನ ಸಿನಿಮಾ ಸ್ಟುಡಿಯೋಗಳ ಹಿಂದಿನ ಮೈದಾನದಲ್ಲಿ ಹೊಸಬರಿಗೆ ಬೀಳುವುದನ್ನು ಕಲಿಸುತ್ತಾನೆ. ಶೆಫಾಲಿ ನನ್ನನ್ನು ಕತ್ತರಿಸಿ, ಹತ್ತಿ ತುಂಬಿ, ಅವರ ಮೊಣಕೈಗೆ ಕಟ್ಟುವ ಪಟ್ಟಿಗಳನ್ನು ಹೊಲಿದಳು. ನಕ್ಷತ್ರಗಳನ್ನು ಬಿಚ್ಚಿ ಕಸಕ್ಕೆ ಎಸೆದಳು. ನನಗೆ ಹಗುರವಾಯಿತು.

ವಯಸ್ಸಾಯಿತು. ಬಣ್ಣ ಮಾಸಿದೆ. ನನ್ನನ್ನು ತೊಟ್ಟು ಆರ್ಭಟಿಸಿದವನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದೇನೆ ಎಂಬ ಹೆಮ್ಮೆಯೂ ಇದೆ. ಅವನಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದೇನೂ ದೊಡ್ಡದಲ್ಲ, ಬಿಡಿ. ಮೊನ್ನೆ ಪೂರ್ಣಿಮಾ ಎಂಬಾಕೆ ನನ್ನನ್ನು ಕಟ್ಟಿಕೊಂಡು ಮೊದಲ ಸಲ ಗೋಡೆ ಹತ್ತಿದಳು. ಕೆಳಗಿನ ಹಾಸಿಗೆಯನ್ನು ನಕುಲ್ ನಾಲ್ಕು ಸಲ ಒತ್ತಿ ನೋಡಿದ. ಸಾಲದೆಂದು ಇನ್ನೊಂದನ್ನು ಎಳೆದುಹಾಕಿದ.

"ಈಗ ಬಾ," ಎಂದ.

ಅವಳು ಹಾರಿದಳು. ಮೊದಲು ತಾಗಿದ್ದು ನಾನು. ಅವಳು ಎದ್ದು, ಕೈ ಮಡಚಿ ಬಿಡಿಸಿ ನೋಡಿಕೊಂಡು, "ಇನ್ನೊಂದ್ಸಲ, ನಕುಲ್‌ದಾ?" ಎಂದಳು.